ಸನ್ ಸಿಟಿ ಬಗ್ಗೆ ನಾನು ಬರೆದ ಮೆಸೇಜ್ ತಪ್ಪು

ಅಮೆರಿಕದ ಅರಿಜೋನಾ ರಾಜ್ಯದ ಸನ್ ಸಿಟಿಯಲ್ಲಿ 55 ವರ್ಷ ತುಂಬದವರು ಇರುವಂತೆಯೇ ಇಲ್ಲ, ಮೊಮ್ಮಕ್ಕಳು ಒಂದು ರಾತ್ರಿಯೂ ತಂಗುವಂತಿಲ್ಲ, ಅಲ್ಲಿನದು ಒಣ ಬಿಸಿಲಾದ್ದರಿಂದ ಬೇಸಿಗೆಯಲ್ಲೂ ತೊಂದರೆಯಿಲ್ಲ. ಹೀಗೊಂದು ಮೆಸೇಜ್ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಮೊದಲು ಬರೆದವನು ನಾನೇ. ಮೂರೂ ತಪ್ಪು.

1960ರಲ್ಲಿ ಶುರುವಾದ ಈ ನಿವೃತ್ತರ ಊರಿನ ನಿಯಮದ ಪ್ರಕಾರ ಮನೆಯಲ್ಲಿ ಒಬ್ಬರಿಗೆ 55 ಆಗಿದ್ದರೆ ಸಾಕು. 19ರೊಳಗಿನವರು ಖಾಯಂ ಇರುವಂತಿಲ್ಲ ಅಷ್ಟೇ. ವರ್ಷಕ್ಕೆ 90 ದಿನದವರೆಗೆ ಬಂದು ಇರಬಹುದು. ಮೊಮ್ಮಕ್ಕಳ ರಜೆಗೆ ಅಷ್ಟು ಸಾಕಲ್ವಾ?

ಬಿಸಿಲಿನ ಮಾತೇ ಜಾಸ್ತಿ ಅಪಾಯದ್ದು. ಪಕ್ಕದ ಫೀನಿಕ್ಸ್‌ನಲ್ಲಿ 2023ರಲ್ಲಿ ಸತತ 31 ದಿನ ಬಿಸಿಲು 110 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿತ್ತು. ಅಂದರೆ ನಮ್ಮ ಲೆಕ್ಕದಲ್ಲಿ 43 ಡಿಗ್ರಿ ದಾಟಿದಂತೆ. ಇದು ಅಮೆರಿಕದ ರಾಷ್ಟ್ರೀಯ ಹವಾಮಾನ ಸೇವೆಯ ದಾಖಲೆ. ಒಣ ಗಾಳಿಗೆ ಬೆವರು ಬಂದ ಹಾಗೇ ಆರಿಹೋಗುತ್ತದೆ, ಮೈಯಲ್ಲಿ ನೀರು ಕಡಿಮೆಯಾಗುತ್ತಿರುವುದು ಗೊತ್ತೇ ಆಗುವುದಿಲ್ಲ. ರಾಯಚೂರಿನ ಬಿಸಿಲು ಕಂಡವರೂ ಸುಮ್ನೆ ಧೈರ್ಯ ಮಾಡಬೇಡಿ. ಆ ಕಡೆ ಮಕ್ಕಳ ಮನೆಗೆ ಹೊರಟಿರುವ ಅಪ್ಪ ಅಮ್ಮಂದಿರು ನವೆಂಬರ್‌ನಿಂದ ಮಾರ್ಚ್ ಒಳಗೆ ಟಿಕೆಟ್ ನೋಡಿಕೊಳ್ಳಿ.

ಹಳೇ ಮೆಸೇಜ್ ಬಂದರೆ ದಯವಿಟ್ಟು ಮುಂದಕ್ಕೆ ಕಳಿಸಬೇಡಿ. ಈಗಾಗಲೇ ಕಳಿಸಿದ್ದರೆ ಅಲ್ಲೇ ಇದನ್ನೂ ಹಾಕಿಬಿಡಿ.