ಮೊಲಕ್ಕೆ ನೀರು ಇಡಬಾರದೇ? ಒಂದು ಸ್ಪಷ್ಟನೆ

“ಮೊಲಕ್ಕೆ ನೀರು ಇಡಬೇಡಿ, ಹುಲ್ಲಿನ ತೇವವೇ ಸಾಕು, ನೀರು ಕುಡಿದರೆ ಭೇದಿಯಾಗಿ ಸಾಯುತ್ತದೆ” ಎಂಬ ವಾಟ್ಸಾಪ್ ಸಂದೇಶ ಮಂಗಳೂರು, ಉಡುಪಿ ಕಡೆ ಹೊಸದಾಗಿ ಮೊಲ ಸಾಕುವವರ ನಡುವೆ ಓಡಾಡುತ್ತಿದೆ. ಇದು ತಪ್ಪು. 2 ಕಿಲೋ ತೂಕದ ಮೊಲ ದಿನಕ್ಕೆ ಸುಮಾರು 100ರಿಂದ 300 ಮಿಲಿಲೀಟರ್ ನೀರು ಕುಡಿಯುತ್ತದೆ. ಹಾಲೂಡಿಸುವ ತಾಯಿಗೆ ಇನ್ನೂ ಹೆಚ್ಚು ಬೇಕು. ನಮ್ಮೂರಿನ ಏಪ್ರಿಲ್ ಸೆಕೆಯಲ್ಲಂತೂ ಕೇಳುವುದೇ ಬೇಡ. ಮೊಲ ನಮ್ಮಂತೆ ಬೆವರುವುದಿಲ್ಲ, ಮೈಯ ಬಿಸಿ ಹೆಚ್ಚಾಗಿ ಕಿವಿಯಿಂದಲೇ ಹೊರಹೋಗಬೇಕು. ಮಧ್ಯಾಹ್ನ ಗೂಡಿನ ಮೂಲೆಯಲ್ಲಿ ಕಾಲು ಚಾಚಿ, ಮೂಗು ಅರಳಿಸಿ ಏದುಸಿರು ಬಿಡುತ್ತಿದ್ದರೆ ಅದು ನಿದ್ದೆಯಲ್ಲ ಮಾರಾಯ್ರೆ, ಸಂಕಟ.

ಭೇದಿಯ ಮಾತು ಪೂರ್ತಿ ಗಾಳಿಯಲ್ಲಿ ಹುಟ್ಟಿದ್ದಲ್ಲ. ಹಾಲು ಬಿಟ್ಟ ಮರಿಗೆ ಒಮ್ಮೆಲೇ ಎಳೆ ಹುಲ್ಲು, ಕ್ಯಾಬೇಜ್ ಎಲೆ ರಾಶಿ ಹಾಕಿದರೆ ಹೊಟ್ಟೆ ಕೆಡುತ್ತದೆ; ಅಪವಾದ ಮಾತ್ರ ನೀರಿನ ತಲೆಗೆ. ಬಟ್ಟಲು ಮಗುಚಿ ಗೂಡು ಒದ್ದೆಯಾದರೆ ಪಾದ ಹುಣ್ಣಾಗಬಹುದು, ಹಾಗಾಗಿ ಭಾರದ ಮಣ್ಣಿನ ಬಟ್ಟಲು ಇಡಿ.

ತಾಯಿ ಮರಿಗಳ ಹತ್ತಿರ ಕೂರದಿದ್ದರೆ ಹಾಲೂಡಿಸುತ್ತಿಲ್ಲ ಎಂದೂ ಅದೇ ಸಂದೇಶದಲ್ಲಿದೆ. ಅದೂ ಸರಿಯಲ್ಲ. ತಾಯಿಮೊಲ ದಿನಕ್ಕೆ ಒಂದೆರಡು ಸಲ, ಕೆಲವೇ ನಿಮಿಷ ಹಾಲೂಡಿಸಿ ದೂರ ಹೋಗುತ್ತದೆ. ಬೆಳಿಗ್ಗೆ ಮರಿಯ ಹೊಟ್ಟೆ ನೋಡಿ: ಉರುಟಾಗಿ ತುಂಬಿದ್ದರೆ ಹಾಲು ಸಿಕ್ಕಿದೆ.