ಎರಡು ತಾಸು ನೀರಾಗ ಇಟ್ಟು ನೋಡ್ರಿ

ಹುಬ್ಬಳ್ಳಿಯ ಅಂಗಡಿಯಲ್ಲಿ ಕೊಂಡ ಮಿಣುಕು ದೀಪ. ಗಾಡಿ ಕೆಟ್ಟು ನಿಂತಾಗ ರಸ್ತೆಯಲ್ಲಿ ಇಡುವಂಥದ್ದು. ಡಬ್ಬಿಯ ಮೇಲೆ ‘ವಾಟರ್‌ಪ್ರೂಫ್’ ಎಂಬ ಒಂದೇ ಪದ. ಎಷ್ಟು ನೀರು, ಎಷ್ಟು ಹೊತ್ತು, ಯಾವ ಕಡೆಯಿಂದ, ಏನೂ ಬರೆದಿಲ್ಲ. ಆಷಾಢದ ಮಳೆ ಗೊತ್ತಿರುವ ಊರಿನಲ್ಲಿ ಹೀಗೆ ಮಾರುತ್ತಾರಲ್ಲ ಎಂದು ಬೇಸರವಾಯಿತು.

ಇಲ್ಲಿ ಜರ್ಮನಿಯಲ್ಲಿ ಡಿಕ್ಕಿಯೊಳಗಿನ, ಕೆಟ್ಟ ಗಾಡಿಯ ಹಿಂದೆ ಇಡುವ ಸಾದಾ ಎಚ್ಚರಿಕೆ ತ್ರಿಕೋನದ ಮೇಲೂ ವೃತ್ತದೊಳಗೆ ಇಂಗ್ಲಿಷಿನ ‘ಇ’ ಅಕ್ಷರ, ಪಕ್ಕದಲ್ಲಿ ಒಪ್ಪಿಗೆ ಕೊಟ್ಟ ದೇಶದ ಅಂಕಿ ಇರುತ್ತದೆ. ಅದರ ಹಿಂದಿರುವುದು ವಿಶ್ವಸಂಸ್ಥೆಯ 27ನೇ ನಿಯಮಾವಳಿ. ತ್ರಿಕೋನವನ್ನು ಜೋಡಿಸಿ, ಹೊಳೆಯುವ ಮುಖ ಮೇಲಾಗಿ ನೀರಿನ ತೊಟ್ಟಿಯಲ್ಲಿ ಮಲಗಿಸುತ್ತಾರೆ. ನೀರು 20ರಿಂದ 30 ಡಿಗ್ರಿ, ಮುಖದ ಮೇಲೆ 5 ಸೆಂ.ಮೀ. ನೀರು, ಹೊತ್ತು 2 ತಾಸು. ತೆಗೆದು ಒಣಗಿಸಿದ ಮೇಲೆ ಕೆಲಸಕ್ಕೆ ಅಡ್ಡಿಯಾಗುವಂಥ ಕೆಡುಕು ಕಾಣಬಾರದು. ಅಮೆರಿಕದ ವಾಹನ ಸುರಕ್ಷತೆಯ 125ನೇ ಮಾನದಂಡದಲ್ಲೂ 2 ತಾಸೇ, ಆದರೆ ನೀರು 38 ಡಿಗ್ರಿ.

ಇಷ್ಟು ಬಿಗಿ ಯಾಕೆ? ತ್ರಿಕೋನದ ಹೊಳೆಯುವ ಕೆಂಪು ಪಟ್ಟಿಯ ಬೆನ್ನಿಗೆ ಸಣ್ಣ ಸಣ್ಣ ಮೂಲೆಗಳಿರುತ್ತವೆ. ಒಳಹೊಕ್ಕ ಬೆಳಕು ಅಲ್ಲಿ ಸುಮಾರು 55 ಡಿಗ್ರಿ ಕೋನದಲ್ಲಿ ಬಡಿಯುತ್ತದೆ. ಬೆನ್ನಿಗೆ ಗಾಳಿಯಿದ್ದರೆ 42 ಡಿಗ್ರಿ ದಾಟಿದ ಬೆಳಕೆಲ್ಲ ಮರಳಿ ಲಾರಿಯವನ ಕಣ್ಣಿಗೆ ಹೋಗುತ್ತದೆ. ಬೆಸುಗೆಯ ಸಂದಿಯಿಂದ ನೀರು ನುಗ್ಗಿತೋ, ಆ 42 ಹೋಗಿ 63 ಆಗುತ್ತದೆ. 55 ಸಾಲದು, ಬೆಳಕು ಹಿಂದಕ್ಕೆ ಸೋರಿಹೋಗುತ್ತದೆ. ಪಟ್ಟಿ ಒಡೆದಿರುವುದಿಲ್ಲ, ಬಣ್ಣ ಮಾಸಿರುವುದಿಲ್ಲ, ಆದರೆ ರಾತ್ರಿ ಕುರುಡು.

ದೀಪದ ಕಥೆ ಬೇರೆ. ಬಿಸಿಲಿಗೆ ಕಾದ ಡಿಕ್ಕಿಯಿಂದ ತೆಗೆದು ತಣ್ಣನೆ ಮಳೆಗೆ ಇಟ್ಟರೆ ಒಳಗಿನ ಗಾಳಿ ಕುಗ್ಗಿ, ಸ್ವಿಚ್ಚಿನ ಸಂದಿಯಿಂದ ನೀರನ್ನು ಹೀರಿಕೊಳ್ಳುತ್ತದೆ. ಮೊದಲು ಕಿಲುಬು ಹಿಡಿಯುವುದು ಸೆಲ್ಲಿನ ಸ್ಪ್ರಿಂಗಿಗೆ. ಕೊಳ್ಳುವಾಗ ‘ಐಪಿ’ ಅಂಕಿ, ಅಂದರೆ ಧೂಳು-ನೀರು ಎಷ್ಟು ತಡೆಯುತ್ತದೆ ಎಂಬ ಗುರುತು, ಕೇಳಿ. ಎರಡನೆಯ ಅಂಕಿ 4 ಇದ್ದರೆ ಸಿಡಿಯುವ ನೀರಿಗೆ ಮಾತ್ರ. 5 ಇದ್ದರೆ 6.3 ಮಿ.ಮೀ. ಕೊಳವೆಯಿಂದ ನಿಮಿಷಕ್ಕೆ 12.5 ಲೀಟರ್ ಹೊಡೆತ ತಾಳಿದ್ದು. 7 ಎಂದರೆ 1 ಮೀಟರ್ ನೀರಿನಲ್ಲಿ ಅರ್ಧ ತಾಸು ಮುಳುಗಿದ್ದು, ಆದರೆ ಅದೊಂದರಿಂದಲೇ ಹೊಡೆತ ತಾಳುತ್ತದೆ ಎನ್ನಲಾಗದು. ಲಾರಿ ಚಕ್ರದಿಂದ ಹಾರುವ ನೀರು ಹೊಡೆತವೇ. ಹಾಗಾಗಿ ಬೈಪಾಸಿಗೆ 5 ಇರುವುದನ್ನೇ ಕೊಳ್ಳಬೇಕು ಅಂತೀನಿ.

ನಮ್ಮಲ್ಲೂ ತ್ರಿಕೋನಕ್ಕೆ ಎಐಎಸ್-022 ಎಂಬ ಭಾರತದ ವಾಹನ ಮಾನದಂಡ ಇದೆ, ನಿಜ. ಅಂಗಡಿಯಲ್ಲಿ ಅದನ್ನು ಕೇಳುವವರು ಬೇಕು.

ಇನ್ನೊಂದನ್ನೂ ಒಪ್ಪಲೇಬೇಕು. ತೊಟ್ಟಿಯ ನೀರು ತಿಳಿ, ಗದಗ-ನವಲಗುಂದದ ಎರೆರಾಡಿ ಹಾಗಲ್ಲ. ಆ ರಾಡಿ ಒಂದು ಪದರ ಕೂತರೆ ‘ಇ’ ಗುರುತಿನ ತ್ರಿಕೋನವೂ ಮಂಕು. ಹಗಲಾದರೆ ನಮ್ಮ ಡ್ರೈವರ್ ಮುರಿದು ಇಟ್ಟ ಬೇವಿನ ಟೊಂಗೆಯೇ ಅದಕ್ಕಿಂತ ಚೆನ್ನಾಗಿ ಕಾಣುತ್ತದೆ. ‘ಏನಾತ್ರಿ ಅಣ್ಣಾರ?’ ಅಂತ ಗಾಡಿ ನಿಲ್ಲಿಸಿ ಕೇಳುವವರು ಇಲ್ಲಿನ ಆಟೋಬಾನ್ ಹೆದ್ದಾರಿಯಲ್ಲಿ ಸಿಗುವುದಿಲ್ಲ. ರಾತ್ರಿಗೆ ಮಾತ್ರ ತ್ರಿಕೋನವೇ ಬೇಕು, ಜೊತೆಗೆ ಅದನ್ನು ಒರೆಸಲು ಒಂದು ಹಸಿ ಅರಿವೆ.