ಸ್ಪ್ಯಾಮರ್ ಮೇಲೆ ಯುದ್ಧ, ಬಾಂಬು ಪಕ್ಕದ್ಮನೆ ಮೇಲೆ

ಈಗ ಯಾವ ಅಪಾರ್ಟ್‌ಮೆಂಟ್ ವಾಟ್ಸಾಪ್ ಗ್ರೂಪ್ ತೆಗೆದ್ರೂ ಅಲ್ಲೊಬ್ರು ಸೈಬರ್ ಸೇನಾಧಿಪತಿ ಇದ್ದೇ ಇರ್ತಾರೆ. "ಬೇಡದ ಮೆಸೇಜು, ಮೇಲು ರಾಶಿ ರಾಶಿ ಕಳ್ಸೋ ಈ ಸ್ಪ್ಯಾಮರ್‌ಗಳಿಗೆ ಬಾಯಲ್ಲಿ ಹೇಳಿದ್ರೆ ಆಗಲ್ಲ ರೀ, ವಾಪಸ್ ಹೊಡೀಬೇಕು, ಅವ್ರ ಸರ್ವರ್ರೇ ಹಾರಿಸ್ಬೇಕು" ಅಂತಾರೆ. ಸೇನಾಧಿಪತಿಗಳ ಮನೆ ವೈಫೈ ಪಾಸ್‌ವರ್ಡ್ ಮಾತ್ರ ಇವತ್ತಿಗೂ ಅಡ್ಮಿನ್ 123.

ಇಂಥದ್ದೇ ಒಂದು ಗ್ರೂಪಿಗೆ ಮದುವೆ ಕರೆಯೋಲೆ ಬಂತು ಅಂದ್ಕೊಳ್ಳಿ, ಕಳ್ಸಿದ್ದು ಮೂರನೇ ಫ್ಲೋರ್ ರಾಯರು. ನೋಡಿದ್ರೆ ಕರೆಯೋಲೆ ಅಲ್ಲ, ಎಪಿಕೆ ಫೈಲು, ಅಂದ್ರೆ ಫೋನಿಗೆ ಆ್ಯಪ್ ಹಾಕೋ ಫೈಲು, ಇನ್‌ಸ್ಟಾಲ್ ಮಾಡಿದ್ರೆ ಎಸ್ಸೆಮ್ಮೆಸ್ ಓದೋಕೆ ಪರ್ಮಿಷನ್ ಕೇಳುತ್ತೆ, ಕೊಟ್ರೆ ಓಟಿಪಿ ಸೀದಾ ಕಳ್ಳನ ಕೈಗೆ, ಆಮೇಲೆ ನಿಮ್ಮ ಹೆಸರಲ್ಲೇ ಊರಿಗೆಲ್ಲ ಕರೆಯೋಲೆ. ರಾಯರಿಗೂ ಆಗಿದ್ದು ಅದೇ. ಆದ್ರೆ ಸೇನೆ ಎದ್ದಾಗಿತ್ತಲ್ಲ, ಎಲ್ರೂ ಸೇರಿ ರಾಯರ ನಂಬರ್ ರಿಪೋರ್ಟ್ ಮಾಡಿದ್ರು, ಬ್ಲಾಕ್ ಮಾಡಿದ್ರು, ಮೂರು ಭಾಷೇಲಿ ಬೈದ್ರು, ಗ್ರೂಪಿಂದ ಎತ್ತಿ ಹಾಕಿದ್ರು. ರಾಯರಿಗೆ ಮಕ್ಕಳೇ ಇಲ್ಲ, ಮದುವೆ ಯಾರ್ದು ಅಂತ ಒಬ್ರೂ ಕೇಳ್ಲಿಲ್ಲ. ಫೈಲ್ ಮಾಡಿದ ಭೂಪ ಯಾವ ದೇಶದಲ್ಲಿದ್ದಾನೋ, ಅವನಿಗೆ ಬೈಗುಳ ತಲುಪೋದಿರ್ಲಿ, ಈ ಗ್ರೂಪ್ ಇರೋದೂ ಗೊತ್ತಿಲ್ಲ.

ಇದೇನು ನಮ್ಮವರ ಹೊಸ ಕಂಡುಹಿಡಿತ ಅಲ್ಲ ಬಿಡಿ. 2004ರಲ್ಲಿ ಲೈಕೋಸ್ ಯುರೋಪ್ ಅನ್ನೋ ಕಂಪನಿ ಒಂದು ಸ್ಕ್ರೀನ್‌ಸೇವರ್ ಬಿಡ್ತು. ನೀವು ಕಾಫಿ ಕುಡೀತಿರುವಾಗ ನಿಮ್ಮ ಕಂಪ್ಯೂಟರ್ ಸುಮ್ನೆ ಕೂರದೆ ಸ್ಪ್ಯಾಮರ್‌ಗಳ ವೆಬ್‌ಸೈಟಿಗೆ ಹೋಗಿ ಹೋಗಿ ಬಾಗಿಲು ಬಡೀತಿತ್ತು. ಟೀಕೆ ಎಷ್ಟು ಜೋರಾಯ್ತು ಅಂದ್ರೆ ಕೆಲವೇ ದಿನಕ್ಕೆ ವಾಪಸ್ ತಗೊಂಡ್ರು. ಅಷ್ಟರಲ್ಲಿ ಅದೇ ಸ್ಕ್ರೀನ್‌ಸೇವರ್ ಹೆಸರಲ್ಲಿ ಒಂದು ಟ್ರೋಜನ್ನೂ, ಅಂದ್ರೆ ಒಳ್ಳೆಯವನ ವೇಷದ ಕಳ್ಳ ಸಾಫ್ಟ್‌ವೇರೂ ಹರಿದಾಡ್ತು!

ಅದಕ್ಕಿಂತ ಮಜಾ ಬ್ಲೂ ಫ್ರಾಗ್, ಅಂದ್ರೆ ನೀಲಿ ಕಪ್ಪೆ ಕಥೆ. ಇಸ್ರೇಲಿನ ಬ್ಲೂ ಸೆಕ್ಯುರಿಟಿ ಅನ್ನೋ ಕಂಪನಿದು, ಸುಮಾರು ಐದು ಲಕ್ಷ ಜನ ಸೇರಿದ್ರು, ಒಂದು ಸ್ಪ್ಯಾಮ್ ಬಂದ್ರೆ ಸ್ಪ್ಯಾಮರ್ ಸೈಟಿಗೆ ಒಂದು ದೂರು ತಾನಾಗೇ ಹೋಗೋದು, ಎಲ್ರದ್ದೂ ಒಟ್ಟಿಗೆ ಹೋದ್ರೆ ಅವನ ಅಂಗಡಿ ಬಂದ್. ದೂರು ಬೇಡ ಅಂದ್ರೆ ಈ ಐದು ಲಕ್ಷ ಜನರ ಹೆಸರು ನಿನ್ನ ಲಿಸ್ಟಿಂದ ತೆಗಿ ಅಂತ ಸ್ಪ್ಯಾಮರ್‌ಗೇ ಒಂದು ಟೂಲ್ ಕೊಟ್ರು. ಅವನು ಹಳೇ ಲಿಸ್ಟು ಹೊಸ ಲಿಸ್ಟು ಪಕ್ಕಪಕ್ಕ ಇಟ್ಟು ನೋಡ್ದ, ಯಾವ ಹೆಸರು ಮಾಯ ಆಗಿದ್ಯೋ ಅವರೇ ಸದಸ್ಯರು, ಹುಡುಕಿ ಹುಡುಕಿ ಅವರಿಗೇ ಬೆದರಿಕೆ ಮೇಲ್ ಸುರಿಸ್ದ. 2006ರ ಮೇನಲ್ಲಿ ಕಂಪನಿ ವೆಬ್‌ಸೈಟ್ ಮೇಲೂ ದಾಳಿ ಶುರುವಾಯ್ತು. ಆಗ ಕಂಪನಿ ಏನ್ ಮಾಡ್ತು? ತನ್ನ ಸೈಟಿನ ವಿಳಾಸನ ಬೇರೆಯವರ ಬ್ಲಾಗ್ ಸರ್ವಿಸ್ ಕಡೆ ತಿರುಗಿಸ್ತು! ಮನೆಗೆ ನುಗ್ಗಿದ ಮಳೆ ನೀರನ್ನ ಪಕ್ಕದ್ಮನೆ ಹಾಲ್‌ಗೆ ಬಿಟ್ಟ ಹಾಗೆ. ಟೈಪ್‌ಪ್ಯಾಡ್, ಲೈವ್‌ಜರ್ನಲ್ ಅನ್ನೋ ಬ್ಲಾಗ್ ತಾಣ ಎರಡೂ ಕುಸಿದ್ವು, ಬೆಕ್ಕಿನ ಫೋಟೋ ಹಾಕ್ಕೊಂಡು ತಮ್ಮ ಪಾಡಿಗೆ ತಾವಿದ್ದ ಜನಕ್ಕೆಲ್ಲ ಏಟು ಬಿತ್ತು. ಅದೇ ತಿಂಗಳು ಕಪ್ಪೆ ಅಂಗಡಿ ಮುಚ್ಚಿತು, ಸ್ಪ್ಯಾಮ್ ಇನ್ನೂ ಬರ್ತಾನೇ ಇದೆ.

ಪರೋಪಕಾರಿ ವೈರಸ್ಸೂ ಬಂದಿದ್ದುಂಟು. 2003ರ ವೆಲ್ಚಿಯಾ, ಬ್ಲಾಸ್ಟರ್ ಅನ್ನೋ ವರ್ಮ್‌ನ (ಕಂಪ್ಯೂಟರಿಂದ ಕಂಪ್ಯೂಟರಿಗೆ ತಾನೇ ಹರಡೋ ಹುಳ) ಅಳಿಸಿ, ಅದು ನುಗ್ಗಿದ ತೂತು ಮುಚ್ಚೋಕೆ ವಿಂಡೋಸ್‌ಗೆ ಪ್ಯಾಚ್ ಬೇರೆ ಹಾಕೋದು. ಪಾಪ, ಮುಂದಿನ ರೋಗಿನ ಹುಡುಕೋ ಭರದಲ್ಲಿ ನೆಟ್‌ವರ್ಕ್‌ಗಳನ್ನೇ ಉಸಿರುಗಟ್ಟಿಸ್ತು.

ಇನ್ನು ನಮ್ಮ ಐಟಿ ಕಾಯ್ದೆ 66ನೇ ಸೆಕ್ಷನ್. ಬೇರೆಯವರ ಕಂಪ್ಯೂಟರ್ ಕೆಡಿಸಿದ್ರೆ ಮೂರು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ, ಅಥವಾ ಎರಡೂ. ಆ ಕಂಪ್ಯೂಟರ್ ಕಳ್ಳಂದಾದ್ರೆ ಪರವಾಗಿಲ್ಲ ಅಂತ ಎಲ್ಲೂ ಬರೆದಿಲ್ಲ. ಕಳ್ಳ ಸಿಗೋದು ಕಷ್ಟ, ಸೇನಾಧಿಪತಿಗಳು ಸಿಗೋದು ಸುಲಭ, ಹೊಡೆದಿದ್ದರ ಸ್ಕ್ರೀನ್‌ಶಾಟ್ ಅವರೇ ಸ್ಟೇಟಸ್ ಹಾಕಿರ್ತಾರೆ. ಕಾನೂನು ಒಪ್ಪೋ ಶೌರ್ಯ ಅಂದ್ರೆ ಸ್ಪ್ಯಾಮ್ ಕಾಲ್, ಎಸ್ಸೆಮ್ಮೆಸ್ ದೂರಿನ ನಂಬರ್ 1909ಕ್ಕೆ ದೂರು, ಅದನ್ನೂ ಮೊದಲು ಮೂರು ದಿನದೊಳಗೆ ಕೊಡ್ಬೇಕಿತ್ತು, 2025ರಲ್ಲಿ ದೊಡ್ಡ ಮನಸ್ಸು ಮಾಡಿ ಏಳು ದಿನ ಮಾಡಿದ್ರು.

ಬ್ರಿಟನ್ನಿನ ಓ2 ಕಂಪನಿ 2024ರಲ್ಲಿ ಡೇಸಿ ಅಂತ ಒಬ್ಳು ಎಐ ಅಜ್ಜಿನ ತಯಾರು ಮಾಡ್ತು, ಮೋಸಗಾರರ ಫೋನ್ ಎತ್ತಿ ಸ್ವೆಟರ್ ಹೆಣಿಗೆ, ಬೆಕ್ಕು ಅಂತ ನಲವತ್ತು ನಿಮಿಷದವರೆಗೂ ಕೊರೆದಿದ್ದಾಳಂತೆ. ಇದೊಂದು ಪ್ರತೀಕಾರ ಯಾರ ಸರ್ವರ್‌ನೂ ಬೀಳಿಸಲ್ಲ. ನಮಗೆ ಅದಕ್ಕೆ ಎಐ ಯಾಕ್ರೀ, ಲೋನ್ ಬೇಕಾ ಮೇಡಂ ಅಂದೋನನ್ನ ಯಾರದಾದ್ರೂ ಸೋದರತ್ತೆ ಕೈಗೆ ಕೊಡಿ ಸಾಕು: "ಲೋನ್ ಆಮೇಲೆ ನೋಡೋಣಪ್ಪ, ನಿಮ್ದು ಯಾವೂರು? ಮದ್ವೆ ಆಯ್ತಾ? ಸಂಬಳ ಎಷ್ಟು ಕೊಡ್ತಾರೆ, ಪಿಎಫ್ ಕಟ್ ಮಾಡ್ತಾರಾ? ಹಲೋ... ಹಲೋ..."